ಬಾದರಾಯಣ ಸಂಬಂಧ

ದೂರದ ನೆಂಟಸ್ತನದ ಎಳೆಯೊಂದನ್ನು ಹಿಡಿದು ಮನೆಗೆ ಬಂದವರನ್ನು ಕಂಡಾಗ ಹಿರಿಯರು “ಇದೊಂದು ಬಾದರಾಯಣ ಸಂಬಂಧ” ಎಂದು ಮುಗುಳುನಗುವುದುಂಟು. ಈ ಮಾತಿನ ಹಿಂದೆ ಒಂದು ಹಳೆಯ ವಿನೋದದ ಕಥೆಯಿದೆ. ಪ್ರಯಾಣಿಕನೊಬ್ಬನು ಬಂಡಿ ಹೂಡಿಕೊಂಡು ಬಂದು, ಗುರುತಿಲ್ಲದ ಗೃಹಸ್ಥನೊಬ್ಬನ ಮನೆಯ ಮುಂದೆ ಇಳಿದನಂತೆ. ಇವನು ಹೆಂಡತಿಯ ತವರಿನವನಿರಬೇಕೆಂದು ಯಜಮಾನನೂ, ಗಂಡನ ಬಳಗದವನಿರಬೇಕೆಂದು ಮನೆಯಾಕೆಯೂ ಭಾವಿಸಿ ಉಪಚಾರದಲ್ಲಿ ಕೊರತೆ ಮಾಡಲಿಲ್ಲ. ಹೊರಡುವ ದಿನ ಯಜಮಾನನು ಸಂಕೋಚದಿಂದಲೇ “ತಾವು ನಮಗೆ ಯಾವ ಕಡೆಯಿಂದ ನೆಂಟರು?” ಎಂದು ಕೇಳಿದನು. “ತಮ್ಮ ಅಂಗಳದಲ್ಲಿರುವುದು ಬದರೀ ವೃಕ್ಷ, ನಮ್ಮ ಬಂಡಿಯ ಗಾಲಿಯೂ ಬದರಿಯ ಕಟ್ಟಿಗೆಯದೇ. ಇದಕ್ಕಿಂತ ಹತ್ತಿರದ ಸಂಬಂಧ ಇನ್ನಾವುದು ಬೇಕು?” ಎಂದು ಅತಿಥಿಯು ಉತ್ತರಿಸಿದನಂತೆ.

ಕಥೆಯನ್ನು ಕೇಳಿ ನಕ್ಕವರಲ್ಲಿ ಅನೇಕರಿಗೆ ಬದರೀ ವೃಕ್ಷವೆಂದರೆ ಯಾವುದೆಂಬುದು ಮಾತ್ರ ಹೊಳೆಯುವುದಿಲ್ಲ. ಅದು ಬೇರೆ ಯಾವ ದೈವಲೋಕದ ಮರವೂ ಅಲ್ಲ. ಮೈಸೂರು ಸೀಮೆಯವರು ಎಲಚಿ ಎಂದೂ, ಪುಸ್ತಕದ ಭಾಷೆಯಲ್ಲಿ ಬೋರೆ ಎಂದೂ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಬಾರಿ ಎಂದೂ, ಅದೇ ಓಣಿಯ ಮರಾಠಿ ಮನೆಗಳಲ್ಲಿ ಬೋರ ಎಂದೂ ಕರೆಯುವ ಮುಳ್ಳಿನ ಮರವೇ ಅದು. ಸಸ್ಯಶಾಸ್ತ್ರಜ್ಞರು ಅದಕ್ಕೆ ಜಿಜಿಫಸ್ ಮಾರಿಷಿಯಾನಾ ಎಂಬ ಹೆಸರನ್ನಿಟ್ಟಿದ್ದಾರೆ. ಬದರೀನಾಥದ ಹೆಸರಿನಲ್ಲಿ ಈ ಮರವಿದೆ. ಬಾದರಾಯಣನ ಹೆಸರಿನಲ್ಲಿಯೂ ಇದೆ. ಯಜುರ್ವೇದದ ಸೌತ್ರಾಮಣಿ ಯಾಗದಲ್ಲಿ ಕುವಲ, ಬದರ, ಕರ್ಕಂಧು ಎಂದು ಮೂರು ಬಗೆಯ ಬಾರಿಹಣ್ಣುಗಳ ಹಿಟ್ಟನ್ನು ಬಳಸುವ ವಿಧಿಯಿದೆ. ಶಬರಿಯು ಕಚ್ಚಿ ರುಚಿ ನೋಡಿ ರಾಮನಿಗೆ ಕೊಟ್ಟಳೆಂಬ ಹಣ್ಣೂ ಇದೇ. ವಾಲ್ಮೀಕಿಯ ಶಬರಿಯು ಪಂಪಾತೀರದ ಕಾಡಿನ ಫಲಗಳನ್ನು ಕೂಡಿಸಿಟ್ಟಿರುವುದಾಗಿ ಹೇಳುತ್ತಾಳೆಯೇ ಹೊರತು ಎಂಜಲು ಹಣ್ಣಿನ ಪ್ರಸಂಗ ಅಲ್ಲಿಲ್ಲ. ಅದು ಜನರ ಭಕ್ತಿ ಸೇರಿಸಿದ ಮಾತು. ಜನರು ಆ ಪ್ರಸಂಗಕ್ಕೆ ಬಾರಿಹಣ್ಣನ್ನೇ ಆರಿಸಿಕೊಂಡುದು ಅರ್ಥವುಳ್ಳದ್ದಾಗಿದೆ. ಒಂದೇ ಮರದ ಒಂದು ಹಣ್ಣು ಸಿಹಿ, ಇನ್ನೊಂದು ಹುಳಿ. ರುಚಿ ನೋಡದೆ ಕೊಡಲು ಧೈರ್ಯ ಬರುವುದಿಲ್ಲ. ಬೆಳಗಾವಿ ಜಿಲ್ಲೆಯಲ್ಲಿಯೇ, ರಾಮದುರ್ಗ ತಾಲೂಕಿನ ಸುರೇಬಾನದ ಬಳಿ ಶಬರಿಕೊಳ್ಳವೆಂಬ ಕ್ಷೇತ್ರವಿರುವುದನ್ನು ಬಹು ಜನ ಬಲ್ಲರು.

ಆ ಜಿಲ್ಲೆಯ ಉತ್ತರ ಭಾಗದಲ್ಲಿ, ಮಹಾರಾಷ್ಟ್ರದ ಗಡಿಯ ಕಡೆಗೆ ಐದು ತಾಲೂಕುಗಳಿವೆ: ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ಮತ್ತು ಅಥಣಿ. ಇವುಗಳಲ್ಲಿ ನಿಪ್ಪಾಣಿಯು ಚಿಕ್ಕೋಡಿಯಿಂದಲೂ, ಕಾಗವಾಡವು ಅಥಣಿಯಿಂದಲೂ ಬೇರ್ಪಟ್ಟು ತಾಲೂಕುಗಳಾಗುವುದೆಂದು 2017ರಲ್ಲಿ ಘೋಷಿತವಾಯಿತು. ಪಶ್ಚಿಮದ ನಿಪ್ಪಾಣಿಯಲ್ಲಿ ವೇದಗಂಗೆ ದೂಧಗಂಗೆಗಳ ತಂಪಿದೆ. ತಂಬಾಕಿನ ವ್ಯಾಪಾರದಿಂದ ಬೆಳೆದ ಊರು ಅದು. ಪೂರ್ವಕ್ಕೆ ಸರಿದಂತೆ ಮಳೆ ತೆಳ್ಳಗಾಗುತ್ತದೆ. ಕೃಷ್ಣೆಯನ್ನು ದಾಟಿ ಅಥಣಿಯ ಪೂರ್ವದ ಹಳ್ಳಿಗಳಿಗೆ ಹೋದರೆ ವಿಜಾಪುರದ ಬಯಲಿನ ಗಾಳಿ ಮುಖಕ್ಕೆ ತಟ್ಟುತ್ತದೆ. ಬೆಳೆ, ಮಣ್ಣು, ಮಾತು ಎಲ್ಲವೂ ಊರಿಂದ ಊರಿಗೆ ಬದಲಾಗುವ ಈ ಸೀಮೆಯಲ್ಲಿ ಹೊಲದ ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ, ಮಡ್ಡಿಯ ಕಲ್ಲುಗಳ ನಡುವೆ ಯಾರೂ ನೆಡದೆ ಬೆಳೆದು ನಿಲ್ಲುವ ಮರ ಬಾರಿ.

ಅದರ ಸ್ವಭಾವವನ್ನು ಸ್ವಲ್ಪ ನೋಡಬೇಕು. ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ಬಿಳಿಯ ನವಿರು. ಪ್ರತಿ ಎಲೆಯ ಬುಡದಲ್ಲಿ ಸಾಮಾನ್ಯವಾಗಿ ಎರಡು ಮುಳ್ಳು: ಒಂದು ನೇರವಾದದ್ದು, ಒಂದು ಕೊಕ್ಕೆಯಂತೆ ಬಾಗಿದ್ದು. ನೇರ ಮುಳ್ಳು ಚುಚ್ಚುತ್ತದೆ, ಬಾಗಿದ ಮುಳ್ಳು ಹಿಡಿದುಕೊಳ್ಳುತ್ತದೆ. ಸೀರೆಯ ಸೆರಗನ್ನೋ ಹುಡುಗರ ಅಂಗಿಯನ್ನೋ ಒಮ್ಮೆ ಹಿಡಿಯಿತೆಂದರೆ ಸುಲಭವಾಗಿ ಬಿಡುವುದಿಲ್ಲ. ಬೇರು ನೆಲದೊಳಗೆ ಆಳಕ್ಕೆ ಇಳಿಯುತ್ತದೆ. ಆದರೆ ಬರಗಾಲದಲ್ಲಿ ಈ ಮರ ಬದುಕುವುದು ಬೇರಿನ ಬಲದಿಂದ ಮಾತ್ರವಲ್ಲ. ಅದರ ದಿನಚರಿಯ ಜಾಣತನದಿಂದ. ಚೈತ್ರ ವೈಶಾಖಗಳಲ್ಲಿ ಮಾವು, ನಿಂಬೆ, ಬಾಳೆಗಳೆಲ್ಲ ನೀರು ನೀರೆಂದು ಬಾಯಿಬಿಡುವಾಗ ಬಾರಿಯ ಮರವು ಎಲೆಗಳನ್ನು ಕಳಚಿ ನಿದ್ದೆಹೋಗುತ್ತದೆ. ಮಿರಗದ ಮಳೆಯೊಡನೆ ಚಿಗುರುತ್ತದೆ, ಶ್ರಾವಣ ಭಾದ್ರಪದಗಳಲ್ಲಿ ಹೂವಾಗುತ್ತದೆ, ಹಿಂಗಾರಿಯ ಹಸಿಯಲ್ಲಿ ಕಾಯಿ ಬಲಿಸಿ, ಪುಷ್ಯ ಮಾಘಗಳಲ್ಲಿ ಹಣ್ಣು ಕೊಡುತ್ತದೆ. ನೀರಿರುವ ಕಾಲದಲ್ಲಿ ದುಡಿದು, ನೀರಿಲ್ಲದ ಕಾಲದಲ್ಲಿ ಮಲಗುವ ಈ ಕ್ರಮವನ್ನು ಮನುಷ್ಯರು ಕಲಿತಿದ್ದರೆ ಅನೇಕ ಬಾವಿಗಳು ಬತ್ತುತ್ತಿರಲಿಲ್ಲ.

ಹಣ್ಣಾಗುವ ಕಾಲವೂ ಚೆನ್ನಾಗಿ ಕೂಡಿಬಂದಿದೆ. ಗಡಿನಾಡಿನ ಮನೆಗಳಲ್ಲಿ ಸಂಕ್ರಾಂತಿಯು ಮೂರು ದಿನದ ಹಬ್ಬ. ಭೋಗಿಯ ದಿನದ ಬೆರಕೆ ಪಲ್ಯದಲ್ಲಿ ಅವರೆ, ಗಜ್ಜರಿ, ಹಸಿಗಡಲೆಗಳೊಡನೆ ನಾಲ್ಕು ಬಾರಿಹಣ್ಣು ಬೀಳಬೇಕು. ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿಗೆ ಅದರ ಹುಳಿಸಿಹಿ ಒಪ್ಪುತ್ತದೆ. ಮೂರನೆಯ ದಿನ ಕರಿ. ಅಂದು ಐದು ವರ್ಷದೊಳಗಿನ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಚುರುಮುರಿ, ಕಬ್ಬಿನ ತುಂಡು, ಬಾರಿಹಣ್ಣುಗಳನ್ನು ಬೆರೆಸಿ ತಲೆಯ ಮೇಲಿಂದ ಸುರಿಯುತ್ತಾರೆ. ಕನ್ನಡ ಮನೆಯಲ್ಲಿ ಇದಕ್ಕೆ ಕರಿ ಎರೆಯುವುದೆಂದು ಹೆಸರು. ಮರಾಠಿ ಮನೆಯಲ್ಲಿ ಬೋರನಹಾಣ, ಅಂದರೆ ಬೋರದ ಸ್ನಾನ. ಸುರಿದ ಹಣ್ಣನ್ನು ಆಯ್ದುಕೊಳ್ಳಲು ನೆರೆಮನೆಯ ಮಕ್ಕಳು ಸುತ್ತಲೂ ಕಾದು ನಿಂತಿರುತ್ತಾರೆ. ಭಾಷೆ ಎರಡಾದರೂ ಬುಟ್ಟಿ ಒಂದೇ. ಆ ಬುಟ್ಟಿಗೆ ಹಣ್ಣು ಬರುತ್ತಿದ್ದುದೂ ಒಂದೇ ಬದುವಿನಿಂದ. ಕಥೆಯ ಅತಿಥಿಯು ಹೇಳಿದ ಸಂಬಂಧ ಅಷ್ಟೇನೂ ನಗೆಗೀಡಾದುದಲ್ಲವೆಂದು ಇಲ್ಲಿ ತೋರುತ್ತದೆ.

ಬದುವಿನ ಬಾರಿಗೆ ಇನ್ನೊಂದು ವಿಶೇಷವುಂಟು. ಹೊಲಕ್ಕೆ ಒಡೆಯನಿದ್ದಾನೆ, ಮರಕ್ಕೂ ಅವನೇ ಒಡೆಯ. ಆದರೆ ನೆಲಕ್ಕೆ ಬಿದ್ದ ಹಣ್ಣಿಗೆ ಲೆಕ್ಕ ಕೇಳುವ ರೂಢಿ ಇರಲಿಲ್ಲ. ಶಾಲೆಗೆ ಹೋಗುವ ಮಕ್ಕಳು, ಕುರಿ ಕಾಯುವವರು, ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ಯಾರು ಬೇಕಾದರೂ ಆಯ್ದುಕೊಳ್ಳಬಹುದಾಗಿತ್ತು. ಕೂಲಿಯಿಲ್ಲದ ದಿನ ಬುಟ್ಟಿ ತುಂಬಿ ಊರಿಗೆ ತಂದು, ಶಾಲೆಯ ಬಾಗಿಲಲ್ಲಿಯೋ ಬಸ್ ನಿಲ್ದಾಣದಲ್ಲಿಯೋ ಅಳತೆಗೆ ಮಾರಿ ಆ ದಿನದ ಸಂತೆಯ ಖರ್ಚು ನೀಗಿಸಿಕೊಂಡವರು ಅನೇಕರು. ಬರಗಾಲದಲ್ಲಿ ಬಡವರ ಹೊಟ್ಟೆಗೆ ಆದ ಹಣ್ಣುಗಳಲ್ಲಿ ಇದೂ ಒಂದು. ಎಲೆ ಆಡಿಗೆ ಮೇವು. ಕಟ್ಟಿಗೆ ಗಟ್ಟಿಯಾದುದರಿಂದ ನೇಗಿಲಿಗೆ, ಗಾಲಿಗೆ, ಹಿಡಿಕೆಗೆ. ಕಡಿದ ಮುಳ್ಳು ಬೇಲಿಗೆ. ಮಾಘಮಾಸದಲ್ಲಿ ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಭಕ್ತರು ಬಂಡಿ ಕಟ್ಟಿಕೊಂಡು ಬರುವ ವಾಡಿಕೆಯುಂಟು. ದಾರಿಯ ಬದಿಯ ಬಾರಿಯಲ್ಲಿ ಆಗಿನ್ನೂ ಕೊನೆಯ ಹಣ್ಣುಗಳಿರುತ್ತವೆ.

ಈಗ ಆ ಬದುಗಳೇ ಕಿರಿದಾಗುತ್ತಿವೆ. ಕೃಷ್ಣೆಯ ಎರಡು ದಂಡೆಗಳಲ್ಲಿಯೂ ಕಬ್ಬು ಹಬ್ಬಿದೆ. ಅದು ತಪ್ಪೆಂದು ಹೇಳಲಾಗದು. ಉಗಾರದ ಸಕ್ಕರೆ ಕಾರಖಾನೆಯ ಕಾಲದಿಂದಲೂ ಕಬ್ಬು ಈ ಸೀಮೆಗೆ ಹಣ ತಂದಿದೆ, ಮಕ್ಕಳನ್ನು ಓದಿಸಿದೆ, ಮನೆ ಕಟ್ಟಿಸಿದೆ. ಆದರೆ ಕಬ್ಬಿನ ಹೊಲಕ್ಕೆ ನೆರಳು ಬೇಡ, ಟ್ರ್ಯಾಕ್ಟರಿಗೆ ಅಡ್ಡ ನಿಲ್ಲುವ ಮರ ಬೇಡ. ಮೊದಲು ಕೊಡಲಿ ಬೀಳುವುದು ಬಾರಿಗೆ. ಏಕೆಂದರೆ ಅದನ್ನು ಯಾರೂ ನೆಟ್ಟಿರುವುದಿಲ್ಲ, ಆದುದರಿಂದ ಕಳೆದುಕೊಂಡೆನೆಂಬ ನೋವು ಯಾರಿಗೂ ಆಗುವುದಿಲ್ಲ. ಇತ್ತ ನೀರು ಹೆಚ್ಚಾಗಿ ನಿಂತ ಎರಿಭೂಮಿಯಲ್ಲಿ ಕೆಲವೆಡೆ ಸವಳು ಮೇಲೆದ್ದು, ಕಬ್ಬೂ ಬಾರದೆ ಜೋಳವೂ ಬಾರದೆ ಹೊಲಗಳು ಬೆಳ್ಳಗೆ ಬಿದ್ದಿವೆ. ಸವಳು ನೆಲವನ್ನು ಸಾಕಷ್ಟು ಸಹಿಸಿಕೊಳ್ಳಬಲ್ಲ ಹಣ್ಣಿನ ಮರಗಳು ಕೆಲವೇ. ಅವುಗಳಲ್ಲಿ ಬಾರಿಯೂ ಒಂದು. ಬೇಕಾಗುವ ಹೊತ್ತಿಗೆ ಸರಿಯಾಗಿ ಅದನ್ನು ಕಡಿದುಹಾಕಿರುತ್ತೇವೆ.

“ಮುಳ್ಳಿನ ಮರ, ಗೋಲಿಯಷ್ಟು ಹಣ್ಣು, ಅದರಲ್ಲಿ ಮುಕ್ಕಾಲು ಬೀಜ, ಇಟ್ಟುಕೊಂಡು ಮಾಡುವುದೇನು?” ಎಂದು ರೈತನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ತೋಟಗಾರಿಕೆಯ ವಿದ್ಯೆಯಲ್ಲಿ ಒಂದು ಸೊಗಸಾದ ಉತ್ತರವಿದೆ. ಮರವನ್ನು ಕಡಿಯಬೇಕಾಗಿಲ್ಲ, ಅದರ ತಲೆಯನ್ನು ಬದಲಿಸಿದರೆ ಸಾಕು. ಬೇರು ಕಾಡುಬಾರಿಯದು, ಹಣ್ಣು ಒಳ್ಳೆಯ ತಳಿಯದು. ವಿಧಾನ ಹೀಗಿದೆ. ಏಪ್ರಿಲ್ ಮೇ ತಿಂಗಳಲ್ಲಿ ಮರವು ಎಲೆಯುದುರಿಸಿ ನಿದ್ದೆಯಲ್ಲಿರುವಾಗ, ಕಾಂಡವನ್ನು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಓರೆಯಾಗಿ ಕೊಯ್ಯಬೇಕು. ಕೊಯ್ದ ಮುಳ್ಳುಗಳನ್ನೇ ಸುತ್ತ ಒಟ್ಟಿದರೆ ಆಡುಗಳ ಕಾಟ ತಪ್ಪುತ್ತದೆ. ಕೆಲವು ವಾರಗಳಲ್ಲಿ ಗುಂಪುಗುಂಪಾಗಿ ಚಿಗುರು ಹೊರಡುತ್ತವೆ. ಅವುಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಹೊರಟ ಮೂರು ನಾಲ್ಕು ಬಲಿಷ್ಠ ಚಿಗುರುಗಳನ್ನು ಉಳಿಸಿ ಉಳಿದವನ್ನು ತೆಗೆದುಬಿಡಬೇಕು. ಮಳೆ ಹಿಡಿದು, ಚಿಗುರು ಪೆನ್ಸಿಲಿನಷ್ಟು ದಪ್ಪವಾಗಿ, ಸಿಪ್ಪೆ ಸುಲಭವಾಗಿ ಬಿಡುವ ಹದಕ್ಕೆ ಬಂದಾಗ, ಅಂದರೆ ಜೂನ್ ಕೊನೆಯಿಂದ ಆಗಸ್ಟಿನವರೆಗೆ, ಕಣ್ಣುಕಸಿ ಮಾಡಬೇಕು. ಒಳ್ಳೆಯ ತಳಿಯ ಮರದಿಂದ ಅದೇ ವರ್ಷದ ಕಡ್ಡಿಯನ್ನು ತಂದು, ಅದರ ಎಲೆಯ ಬುಡದ ಒಂದು ಕಣ್ಣನ್ನು ಸುಮಾರು ಒಂದು ಅಂಗುಲದ ಸಿಪ್ಪೆಯೊಡನೆ ಬಿಡಿಸಿ, ಕಾಡುಬಾರಿಯ ಚಿಗುರಿನ ಮೇಲೆ ಅಷ್ಟೇ ಅಳತೆಯ ಸಿಪ್ಪೆ ತೆಗೆದ ಜಾಗದಲ್ಲಿ ಕೂಡಿಸಿ, ಕಣ್ಣು ಮುಚ್ಚದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಎರಡು ಮೂರು ವಾರಗಳಲ್ಲಿ ಕಣ್ಣು ಹಸಿರಾಗಿ ಉಬ್ಬಿದರೆ ಅದು ಹತ್ತಿದಂತೆ. ಆಗ ಅದರ ಮೇಲಿನ ಕಾಡುಚಿಗುರನ್ನು ಸವರಿ, ಕಟ್ಟನ್ನು ಸಡಿಲಿಸಬೇಕು. ಕಸಿಯ ಕೆಳಗಿನಿಂದ ಮತ್ತೆ ಮತ್ತೆ ಮೇಲೇಳುವ ಕಾಡುಚಿಗುರುಗಳನ್ನು ಚಿವುಟುತ್ತಿರದಿದ್ದರೆ ಅವು ಹೊಸದನ್ನು ನುಂಗಿಹಾಕುತ್ತವೆ. ಹಳೆಯ ಬೇರಿನ ಬಲವಿರುವುದರಿಂದ ಮರುವರ್ಷದ ಹಂಗಾಮಿನಲ್ಲಿಯೇ ಹಣ್ಣು ಕಾಣಬಹುದು.

ಊರೊಳಗೆ ಮನೆಯಿದ್ದು ಹಿತ್ತಲಲ್ಲಿ ಒಂದು ಮರ ಬೇಕೆನ್ನುವವರು ಬೀಜದಿಂದಲೇ ಆರಂಭಿಸಬಹುದು. ಇಲ್ಲಿ ಒಂದು ಎಚ್ಚರವುಂಟು. ಬಾರಿಯ ತಾಯಿಬೇರು ಬೇಗನೆ ಆಳಕ್ಕೆ ಇಳಿಯುವುದರಿಂದ, ಸಸಿಯನ್ನು ಒಂದೆಡೆ ಬೆಳೆಸಿ ಕಿತ್ತು ಇನ್ನೊಂದೆಡೆ ನೆಟ್ಟರೆ ಅದು ಸಾಮಾನ್ಯವಾಗಿ ಬದುಕುವುದಿಲ್ಲ. ಮರವಿರಬೇಕಾದ ಜಾಗದಲ್ಲಿಯೇ ಬೀಜ ಊರುವುದು ಲೇಸು. ಬೇಸಿಗೆಯಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಟ್ಟು, ಮೇಲ್ಮಣ್ಣು ಮತ್ತು ಕೊಳೆತ ಗೊಬ್ಬರದಿಂದ ತುಂಬಬೇಕು. ಬೀಜಗಳನ್ನು ಉಪ್ಪಿನ ನೀರಿನಲ್ಲಿ ಹಾಕಿ ಪರೀಕ್ಷಿಸುವುದೊಂದು ಸುಲಭದ ಕ್ರಮ. ಒಂದು ಲೀಟರ್ ನೀರಿಗೆ ಸುಮಾರು 170 ಗ್ರಾಂ ಉಪ್ಪು ಕರಗಿಸಿದರೆ ಪೊಳ್ಳು ಬೀಜ ತೇಲುತ್ತದೆ, ಗಟ್ಟಿಯದು ಮುಳುಗುತ್ತದೆ. ಮುಳುಗಿದವನ್ನು ಸಿಹಿನೀರಿನಲ್ಲಿ ತೊಳೆದು ಮೂರು ನಾಲ್ಕನ್ನು ಗುಂಡಿಯಲ್ಲಿ ಊರಬೇಕು. ಚಿಪ್ಪಿನ ಸಮೇತ ಊರಿದರೆ ಮೊಳಕೆಗೆ ಮೂರು ನಾಲ್ಕು ವಾರ ಬೇಕು. ಚಿಪ್ಪನ್ನು ಮೆಲ್ಲನೆ ಒಡೆದು ಒಳಗಿನ ತಿರುಳುಬೀಜವನ್ನು ಊರಿದರೆ ಒಂದು ವಾರದಲ್ಲಿ ಮೊಳೆಯುತ್ತದೆ. ಬಲವಾದ ಒಂದು ಸಸಿಯನ್ನು ಉಳಿಸಿಕೊಂಡು, ಅದು ಪೆನ್ಸಿಲಿನ ದಪ್ಪಕ್ಕೆ ಬಂದಾಗ ಮೇಲೆ ಹೇಳಿದಂತೆ ಕಣ್ಣು ಕೂಡಿಸಬಹುದು. ತೊಟ್ಟಿಯಲ್ಲಿ ಬೆಳೆದ ಕಸಿಗಿಡವನ್ನೇ ಕೊಂಡು ನೆಡುವವರು ಬೇರಿನ ಮಣ್ಣಿನ ಹೆಂಟೆ ಒಡೆಯದಂತೆ ನೋಡಿಕೊಂಡರೆ ಸಾಕು. ಮೊದಲ ಒಂದೆರಡು ಬೇಸಿಗೆ ಆಗಾಗ ನೀರು ಹಾಕಬೇಕು. ಆಮೇಲೆ ಅದು ತನ್ನ ಪಾಡನ್ನು ತಾನು ನೋಡಿಕೊಳ್ಳುತ್ತದೆ. ಘಟಪ್ರಭೆಯ ಸಮೀಪದ ಅರಭಾವಿಯಲ್ಲಿ ತೋಟಗಾರಿಕೆಯ ಮಹಾವಿದ್ಯಾಲಯವಿದೆ. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ತಳಿಗಳ ವಿಚಾರದಲ್ಲಿ ಸಂದೇಹವಿದ್ದವರು ಅಲ್ಲಿ ಕೇಳಿ ತಿಳಿಯಬಹುದು.

ಬಾರಿಯನ್ನು ಬೆಳೆಸುವವರು ಮರೆಯಬಾರದ ಕೆಲಸ ಒಂದೇ: ಪ್ರತಿ ಬೇಸಿಗೆಯಲ್ಲಿ ಸವರುವುದು. ಹೂವು ಹಣ್ಣುಗಳು ಬರುವುದು ಆ ವರ್ಷದ ಹೊಸ ಚಿಗುರಿನ ಮೇಲೆ. ಹಳೆಯ ಕೊಂಬೆಗಳನ್ನು ಹಾಗೆಯೇ ಬಿಟ್ಟರೆ ಮರ ಎತ್ತರಕ್ಕೆ ಹೋಗುತ್ತದೆ, ಹಣ್ಣು ಸಣ್ಣದಾಗುತ್ತದೆ, ಮುಳ್ಳು ಮಾತ್ರ ಹೆಚ್ಚುತ್ತದೆ. ಎಲೆಯುದುರಿದ ಮೇಲೆ ಕಳೆದ ವರ್ಷದ ರೆಂಬೆಗಳನ್ನು ಅರ್ಧದಷ್ಟಾದರೂ ಕತ್ತರಿಸಿ, ಒಣಗಿದ ಮತ್ತು ಒಂದಕ್ಕೊಂದು ತಿಕ್ಕುವ ರೆಂಬೆಗಳನ್ನು ತೆಗೆದುಹಾಕಿದರೆ, ಮರವು ಕೈಗೆಟುಕುವ ಎತ್ತರದಲ್ಲಿಯೇ ನಿಲ್ಲುತ್ತದೆ. ಹಿತ್ತಲು ಚಿಕ್ಕದಾದವರಿಗೆ ಇದು ದೊಡ್ಡ ಅನುಕೂಲ. ಪೀಡೆಗಳಲ್ಲಿ ಮುಖ್ಯವಾದವು ಎರಡು. ಹಣ್ಣಿನ ನೊಣವು ಕಾಯಿಯೊಳಗೆ ಮೊಟ್ಟೆಯಿಟ್ಟು ಹುಳವಾಗಿಸುತ್ತದೆ. ಬಿದ್ದ ಹುಳುಕು ಹಣ್ಣುಗಳನ್ನು ದಿನವೂ ಆರಿಸಿ ಸುಟ್ಟು, ಬೇಸಿಗೆಯಲ್ಲಿ ಮರದ ಬುಡದ ಮಣ್ಣನ್ನು ಅಗೆದು ಬಿಸಿಲಿಗೆ ತಿರುವಿದರೆ ಅದರ ಕೋಶಗಳು ನಾಶವಾಗುತ್ತವೆ. ಎರಡನೆಯದು ಬೂದಿರೋಗ. ಎಳೆಗಾಯಿಯ ಮೇಲೆ ಹಿಟ್ಟು ಚೆಲ್ಲಿದಂತೆ ಕಂಡ ಕೂಡಲೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಗ್ರಾಂನಂತೆ ಬೆರೆಸಿ ಸಿಂಪಡಿಸಬಹುದು.

ತಳಿಗಳಿಗೆ ಬಡತನವಿಲ್ಲ. ಉಮ್ರಾನ್, ಗೋಲಾ, ಸೇಬ್, ಬನಾರಸಿ ಕಡಾಕಾ ಮೊದಲಾದವು ಉತ್ತರ ಭಾರತದಲ್ಲಿ ಹೆಸರಾದವು. ಜಳಗಾಂವಿನ ಮೇಹರೂಣವು ಮಹಾರಾಷ್ಟ್ರದ್ದು. ಥಾಯ್ಲೆಂಡಿನಿಂದ ಬಂದ, ಹಸಿರು ಸೇಬಿನಂತಹ ದೊಡ್ಡ ಹಣ್ಣಿನ ತಳಿಯು ‘ಆ್ಯಪಲ್ ಬೋರ್’ ಎಂಬ ಹೆಸರಿನಿಂದ ಈಚಿನ ವರ್ಷಗಳಲ್ಲಿ ಪೇಟೆಗಳನ್ನು ತುಂಬಿದೆ. ಅದರಲ್ಲಿ ರಸ ಹೆಚ್ಚು, ಬಾರಿಯ ಹಳೆಯ ಘಮ ಕಡಿಮೆ. ರಾಜಸ್ಥಾನದ ಜೋಧಪುರದಲ್ಲಿರುವ ಮರುಭೂಮಿ ಸಂಶೋಧನ ಸಂಸ್ಥೆಯವರು ಕಾಡುಬೇರಿನ ಮೇಲೆ ಕಣ್ಣುಕಸಿ ಮಾಡುವ ವಿಧಾನವನ್ನು ಬಹುಕಾಲ ಪ್ರಯೋಗಿಸಿ ಪ್ರಚಾರಪಡಿಸಿದ್ದಾರೆ. ಇದರ ಪ್ರಯೋಜನವು ಭರತಖಂಡವನ್ನು ದಾಟಿಯೂ ಹೋಗಿದೆ. ಆಫ್ರಿಕದ ಸಹಾರಾ ಮರಳುಗಾಡಿನ ಅಂಚಿನಲ್ಲಿ ಸಾಹೇಲ್ ಎಂಬ ಬರಡು ಸೀಮೆಯಿದೆ. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ ಮುಖ್ಯ ಕಚೇರಿಯುಳ್ಳ ಇಕ್ರಿಸ್ಯಾಟ್ ಸಂಸ್ಥೆಯು ನೈಜರ್ ದೇಶದಲ್ಲಿ ಗೋಲಾ, ಸೇಬ್ ಮುಂತಾದ ತಳಿಗಳ ಕಸಿಗಿಡಗಳನ್ನು ಅಲ್ಲಿನ ರೈತರಿಗೆ ಪರಿಚಯಿಸಿತು. ಫ್ರೆಂಚ್ ಮಾತನಾಡುವ ಆ ನಾಡುಗಳಲ್ಲಿ ಅದಕ್ಕೆ ‘ಸಾಹೇಲಿನ ಸೇಬು’ ಎಂಬ ಅರ್ಥದ ಹೆಸರು ಬಂದಿದೆ. ನೈಜರಿನ ರೈತನು ಬೆಲೆಕೊಟ್ಟು ತಂದು ನೀರೆರೆದು ಬೆಳೆಸುವ ಮರವನ್ನು ಅಥಣಿಯ ರೈತನು ಬದುವಿನ ಮೇಲಿಂದ ಕಡಿದು ಒಲೆಗೆ ಹಾಕುವುದು ವಿಪರ್ಯಾಸವಲ್ಲವೆ?

ಇನ್ನು ಗೃಹಿಣಿಯರ ಮಾತು. ಬಾರಿಹಣ್ಣು ಬಡವರ ಹಣ್ಣೆಂದು ತಾತ್ಸಾರ ಮಾಡುವವರು ಒಂದು ಲೆಕ್ಕವನ್ನು ಗಮನಿಸಬೇಕು. ನೂರು ಗ್ರಾಂ ಸೇಬಿನಲ್ಲಿರುವ ‘ಸಿ’ ಜೀವಸತ್ವ ಐದು ಮಿಲಿಗ್ರಾಂ ಆಸುಪಾಸು; ಅಷ್ಟೇ ತೂಕದ ತಾಜಾ ಬಾರಿಹಣ್ಣಿನಲ್ಲಿ ಅದರ ಹತ್ತು ಪಟ್ಟಿಗೂ ಮಿಕ್ಕಿ ಇರುತ್ತದೆ. ಮಕ್ಕಳಿಗೆ ತಿನ್ನಲು ಕೊಡುವಾಗ ಬೀಜದ ಎಚ್ಚರವಿರಲಿ. ತೀರ ಚಿಕ್ಕವರಿಗೆ ಬೀಜ ತೆಗೆದೇ ಕೊಡಬೇಕು. ಕರಿ ಎರೆಯುವಾಗಲೂ ಹಣ್ಣು ಕೂಸಿನ ಬಾಯಿಗೆ ಹೋಗದಂತೆ ಹತ್ತಿರ ಒಬ್ಬರಿರುವುದು ಒಳ್ಳೆಯದು.

ಹಣ್ಣಿನ ಹದವನ್ನು ಬಣ್ಣದಿಂದ ತಿಳಿಯಬೇಕು. ತೀರ ಹಸಿರಿರುವಾಗ ಕಿತ್ತರೆ ಮನೆಯಲ್ಲಿಟ್ಟರೂ ರುಚಿ ಬರುವುದಿಲ್ಲ. ಹಸಿರು ತಿರುಗಿ ಹೊಂಬಣ್ಣ ಬಂದಾಗ ಕೀಳಬೇಕು. ಗಟ್ಟಿಯಾದ ಅರೆಮಾಗಿದ ಹಣ್ಣು ಉಪ್ಪಿನಕಾಯಿಗೆ ಲೇಸು. ತೊಳೆದು, ಬಟ್ಟೆಯಿಂದ ಒರಸಿ, ನೀರಿನ ಪಸೆ ಆರುವವರೆಗೆ ಹರಡಿ, ಒಂದೊಂದನ್ನೂ ಲಘುವಾಗಿ ಜಜ್ಜಿ, ಉಪ್ಪು, ಖಾರದ ಪುಡಿ, ಹುರಿದ ಮೆಂತ್ಯ ಸಾಸಿವೆಗಳ ಪುಡಿ ಮತ್ತು ಒಂದು ಹಿಡಿ ಬೆಲ್ಲ ಬೆರೆಸಿ, ಕಾಯಿಸಿ ಆರಿಸಿದ ಎಣ್ಣೆ ಹಾಕಿ ಭರಣಿಗೆ ತುಂಬಬಹುದು. ಜಜ್ಜುವಾಗಲೇ ಒಳಗೆ ಹುಳವಿದೆಯೇ ಎಂಬುದೂ ತಿಳಿದುಹೋಗುತ್ತದೆ. ಚೆನ್ನಾಗಿ ಮಾಗಿದ ಸಣ್ಣ ಹಣ್ಣುಗಳನ್ನು ಬಿಸಿಲಿನಲ್ಲಿ ಹಲವು ದಿನ ಒಣಗಿಸಿದರೆ ಸುಕ್ಕುಗಟ್ಟಿ ಕೆಂಪಾಗುತ್ತವೆ. ಡಬ್ಬಿಯಲ್ಲಿಟ್ಟರೆ ಬೇಸಿಗೆಯನ್ನು ದಾಟುತ್ತವೆ. ಅವನ್ನು ಒರಳಿನಲ್ಲಿ ಕುಟ್ಟಿ, ಬೀಜ ಬೇರ್ಪಡಿಸಿ, ಜರಡಿ ಹಿಡಿದ ಪುಡಿಗೆ ಮರಾಠಿಯಲ್ಲಿ ಬೋರಕೂಟ ಎಂದು ಹೆಸರು. ಒಂದು ಚಿಟಿಕೆ ಉಪ್ಪು, ಜೀರಿಗೆ ಬೆರೆಸಿದರೆ ಶಾಲೆಯ ಮಕ್ಕಳಿಗೆ ಬೇರೆ ಮಿಠಾಯಿ ಬೇಡ. ಅದೇ ಪುಡಿಯನ್ನು ಬೆಲ್ಲ, ಹಸಿಮೆಣಸಿನಕಾಯಿಯೊಡನೆ ಅರೆದರೆ ಜೋಳದ ರೊಟ್ಟಿಗೆ ಒಳ್ಳೆಯ ಚಟ್ನಿ. ದೊಡ್ಡ ಜಾತಿಯ ಹಣ್ಣನ್ನು ಸೂಜಿಯಿಂದ ಚುಚ್ಚಿ ಸಕ್ಕರೆಯ ಪಾಕದಲ್ಲಿ ಬೇಯಿಸಿ ಮುರಬ್ಬ ಮಾಡುವುದೂ ಉಂಟು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಂದೇಹ ಉಳಿಯುತ್ತದೆ. ಅದನ್ನು ಮರೆಮಾಚುವುದು ಸರಿಯಲ್ಲ. ಕಾಡುಬಾರಿಯ ತಲೆ ಬದಲಾದೊಡನೆ ಅದರ ಹಣ್ಣಿಗೆ ಬೆಲೆ ಬರುತ್ತದೆ. ಬೆಲೆ ಬಂದೊಡನೆ ಬೇಲಿ ಬರುತ್ತದೆ, ಬೇಲಿಯೊಡನೆ ಕಾವಲುಗಾರನೂ ಬರುತ್ತಾನೆ. ನಿನ್ನೆಯವರೆಗೆ ಬಿದ್ದ ಹಣ್ಣನ್ನು ಆಯುತ್ತಿದ್ದ ಕೂಲಿಯಾಕೆ ಇಂದು ಕಳ್ಳಿಯಾಗುತ್ತಾಳೆ. ಕಲ್ಲು ಬೀಸುತ್ತಿದ್ದ ಹುಡುಗನು ಏಟು ತಿನ್ನುತ್ತಾನೆ. ಮರವನ್ನು ಉಳಿಸಲು ಹೊರಟು, ಆ ಮರವು ಜನರ ನಡುವೆ ಬೆಳೆಸಿದ್ದ ಸಂಬಂಧವನ್ನು ಕಡಿದಂತಾಗುವುದಿಲ್ಲವೆ?

ಆಶ್ಚರ್ಯವೆಂದರೆ, ಇದಕ್ಕೆ ದಾರಿಯನ್ನು ಮರವೇ ತೋರಿಸಿದೆ. ಬಾರಿಯ ಅನೇಕ ಒಳ್ಳೆಯ ತಳಿಗಳಿಗೆ ತಮ್ಮದೇ ಹೂವಿನ ಪರಾಗದಿಂದ ಕಾಯಿ ಕಟ್ಟುವ ಶಕ್ತಿ ಸಾಲದು. ನೊಣವೋ ಜೇನೋ ಬೇರೊಂದು ಜಾತಿಯ ಬಾರಿಯಿಂದ ಪರಾಗವನ್ನು ಹೊತ್ತು ತಂದರೆ ಫಲ ಹೆಚ್ಚುತ್ತದೆ. ಆದುದರಿಂದ ತಿಳಿದ ತೋಟಗಾರರು ಒಂದೇ ತಳಿಯನ್ನು ನೆಡುವುದಿಲ್ಲ. ಬದುವಿನ ಹತ್ತು ಕಾಡುಬಾರಿಗಳಿಗೆ ಕಣ್ಣು ಕಟ್ಟುವ ರೈತನು ಒಂದನ್ನು ಮುಟ್ಟದೆ ಬಿಟ್ಟರೆ, ಉಳಿದ ಒಂಬತ್ತರ ಹೂವಿಗೆ ಅದರ ನೆರವೂ ಸಿಗುತ್ತದೆ. ಮುಂದಿನ ಸಸಿಗಳಿಗೆ ಗಟ್ಟಿ ಬೇರಿನ ಬೀಜವೂ ಅದರಿಂದಲೇ ದೊರೆಯುತ್ತದೆ. ಆ ಒಂದು ಮರ ದಾರಿಯ ಬದಿಯದಾಗಿರಲಿ, ಬೇಲಿಯ ಹೊರಗಿರಲಿ, ಅದರ ಕೆಳಗೆ ಬಿದ್ದುದು ಆಯ್ದವರದಾಗಿರಲಿ. ಇದರಿಂದ ರೈತನಿಗೆ ನಷ್ಟವಿಲ್ಲ. ಲೆಕ್ಕ ನೋಡಿದರೆ ಲಾಭವೇ.

ಊರಿನಲ್ಲಿರುವವರ ಪಾಲಿಗೂ ಒಂದು ಕರ್ತವ್ಯವಿದೆ. ಬರುವ ಸಂಕ್ರಾಂತಿಗೆ ಕರಿ ಎರೆಯುವ ಬುಟ್ಟಿಗೆ ಪೇಟೆಯ ಹೊಳೆಯುವ ದೊಡ್ಡ ಹಣ್ಣು ಬೇಕಾದರೆ ತರಲಿ. ಅದರ ಜೊತೆಗೆ ಬಸ್ ನಿಲ್ದಾಣದ ಮೂ‍ಲೆಯಲ್ಲಿ ಬುಟ್ಟಿಯಿಟ್ಟುಕೊಂಡು ಕುಳಿತ ಹಳ್ಳಿಯ ಹೆಣ್ಣುಮಗಳಿಂದ, ಚೌಕಾಸಿ ಮಾಡದೆ, ಎರಡು ಅಳತೆ ಸಣ್ಣ ಬಾರಿಯನ್ನೂ ಕೊಳ್ಳಲಿ. ಕೊಳ್ಳುವವರಿದ್ದಾರೆಂದು ತಿಳಿದರೆ ಬದುವಿನ ಮರಕ್ಕೆ ಕೊಡಲಿಯಿಡುವ ಕೈ ಒಂದು ಗಳಿಗೆ ತಡೆಯುತ್ತದೆ. ತಿಂದ ಮೇಲೆ ಬೀಜಗಳನ್ನು ಎಸೆಯಬೇಕಾಗಿಲ್ಲ. ಗಟ್ಟಿಯಾದವನ್ನು ಆರಿಸಿ, ನೆರಳಿನಲ್ಲಿ ಒಣಗಿಸಿ, ಮಿರಗದ ಮಳೆಯವರೆಗೆ ಕಾಯ್ದಿಟ್ಟರೆ ಹಿತ್ತಲಿನ ಗುಂಡಿಗೆ ಅಷ್ಟು ಸಾಕು.